ಅಡಿಕೆ ಧಾರಣೆಗೆ ಆ್ಯಪ್ ಬೇಕೆ? ವೆಬ್ ಆ್ಯಪ್ ಮತ್ತು ನೇಟಿವ್ ಆ್ಯಪ್ ಕುರಿತು ಮಂಗಳೂರಿನಿಂದ ಒಂದು ಟಿಪ್ಪಣಿ

ಮಂಗಳೂರು ಬಂದರಿನ ಅಡಿಕೆ ಮಂಡಿಗಳ ಆ ದಿನದ ಧಾರಣೆ ಪುತ್ತೂರು, ಸುಳ್ಯ, ಬಂಟ್ವಾಳದ ತೋಟದ ಮನೆಗಳಿಗೆ ಈಗ ಮುಟ್ಟುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ಒಂದು ಚಿತ್ರವಾಗಿ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು ಎಂದು ಸಾಲಾಗಿ ಬರೆದು ಪಕ್ಕದಲ್ಲಿ ಕಿಲೋಗೆ ಇಷ್ಟು ಎಂದು ಹಾಕಿರುತ್ತಾರೆ. ಆ ಚಿತ್ರ ಗುಂಪಿನಿಂದ ಗುಂಪಿಗೆ ದಾಟುತ್ತ ಹೋಗಿ ಸಂಜೆಯಾಗುವಾಗ ಮೇಲಿನ ತಾರೀಕಿನ ಸಾಲು ಕತ್ತರಿಸಿಹೋಗಿರುತ್ತದೆ. ಇದು ಇವತ್ತಿನ ರೇಟೋ ಮೊನ್ನೆಯದೋ ಎಂದು ಯಾರಾದರೂ ಕೇಳುತ್ತಾರೆ, ಉತ್ತರ ಬರುವಷ್ಟರಲ್ಲಿ ಅಂಗಡಿ ಮುಚ್ಚಿರುತ್ತದೆ.

ಸಹಕಾರಿ ಸಂಘವೊಂದರಲ್ಲಿ ದುಡಿಯುವ ಸ್ನೇಹಿತರು ಇದನ್ನೇ ಹೇಳುತ್ತ, "ನಾವೇ ಒಂದು ಆ್ಯಪ್ ಮಾಡಿಸಿದರೆ ಒಳ್ಳೆಯದಲ್ಲವಾ?" ಎಂದು ಕೇಳಿದರು. ಈ ಟಿಪ್ಪಣಿ ಹುಟ್ಟಿದ್ದು ಆ ಪ್ರಶ್ನೆಯಿಂದ. ವೆಬ್ ಆ್ಯಪ್ ಮೇಲೋ ನೇಟಿವ್ ಆ್ಯಪ್ ಮೇಲೋ ಎಂಬ ಚರ್ಚೆಯಲ್ಲಿ ಕಾಣುವ ಅಂಕಿಗಳಿಂದ ಅವರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದು ನನಗೆ ಮನವರಿಕೆಯಾಗಿದೆ. ಮೊದಲು ನೋಡಬೇಕಾದದ್ದು ಫೋನು ಯಾರ ಕೈಯಲ್ಲಿದೆ, ಅದರಿಂದ ಆಗಬೇಕಾದ ಕೆಲಸವೇನು ಎಂಬುದನ್ನು.

ಎರಡು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ನೇಟಿವ್ ಆ್ಯಪ್ ಎಂದರೆ ಆಂಡ್ರಾಯ್ಡ್‌ಗೆ ಅಥವಾ ಐಫೋನಿಗೆ ಎಂದೇ ಕಟ್ಟಿ, ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಇಳಿಸಿಕೊಳ್ಳುವಂಥದ್ದು. ಪ್ರೋಗ್ರೆಸಿವ್ ವೆಬ್ ಆ್ಯಪ್ ಮೂಲತಃ ಒಂದು ವೆಬ್‌ಸೈಟ್. ಅದಕ್ಕೆ ವಿಳಾಸವಿದೆ, ಅದು ಬ್ರೌಸರಿನಲ್ಲಿ ತೆರೆಯುತ್ತದೆ. ಜೊತೆಗೆ ತನ್ನ ಹೆಸರು, ಐಕಾನ್ ತಿಳಿಸುವ ಮ್ಯಾನಿಫೆಸ್ಟ್ ಎಂಬ ಸಣ್ಣ ಕಡತವೂ ಪುಟ ಮತ್ತು ನೆಟ್‌ವರ್ಕಿನ ನಡುವೆ ಕೂತು ಬೇಕಾದುದನ್ನು ಫೋನಿನಲ್ಲೇ ತೆಗೆದಿಡುವ ಸರ್ವಿಸ್ ವರ್ಕರ್ ಎಂಬ ಭಾಗವೂ ಇರುತ್ತವೆ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ನೋಡುವವರಿಗೆ ಆ್ಯಪ್‌ನಂತೆಯೇ ಕಾಣುತ್ತದೆ. ಈ ಹೆಸರನ್ನು 2015ರ ಜೂನ್‌ನಲ್ಲಿ ಚಾಲ್ತಿಗೆ ತಂದವರು ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್. ಆಲೋಚನೆ ಅದಕ್ಕಿಂತ ಹಳೆಯದು. 2007ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಐಫೋನಿಗೆ ತಂತ್ರಾಂಶ ಬರೆಯಬಯಸುವವರಿಗೆ ತೋರಿಸಿದ ದಾರಿ ವೆಬ್ಬೇ ಆಗಿತ್ತು. ಆ್ಯಪ್ ಸ್ಟೋರ್ ತೆರೆದದ್ದು ಒಂದು ವರ್ಷದ ಮೇಲೆ, 2008ರ ಜುಲೈಯಲ್ಲಿ.

ನಮ್ಮ ಕರಾವಳಿಯ ತಂತ್ರಾಂಶದ ಹಿನ್ನೆಲೆ ಹೆಚ್ಚು ನೇಟಿವ್ ಕಡೆಯದು. 1996ರಲ್ಲಿ ಉಡುಪಿಯಲ್ಲಿ ಶುರುವಾದ ರೋಬೋಸಾಫ್ಟ್ ಮೊದಲು ಬರೆದದ್ದು ಮ್ಯಾಕ್ ಕಂಪ್ಯೂಟರಿಗೆ, ಆಮೇಲೆ ಫೋನುಗಳಿಗೆ. ಅದೇ ಊರಿನ 99 ಗೇಮ್ಸ್‌ನ 'ಸ್ಟಾರ್ ಶೆಫ್'ನಂಥ ಆಟಕ್ಕೆ ನೇಟಿವ್ ದಾರಿಯೇ ಸರಿ, ಅಲ್ಲಿ ನನಗೆ ಎರಡನೆಯ ಮಾತಿಲ್ಲ.

ಇನ್ನು ಸಾಕ್ಷ್ಯದ ವಿಚಾರ. ಈ ಹೋಲಿಕೆಯಲ್ಲಿ ಲೋಕವೆಲ್ಲ ಎತ್ತಿ ಹೇಳುವ ಉದಾಹರಣೆಗಳಲ್ಲಿ ಕೆಲವು ಬೆಂಗಳೂರಿನವೇ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ಸೈಟನ್ನು ಮುಚ್ಚಿ, ಬಂದವರನ್ನೆಲ್ಲ ಆ್ಯಪ್ ಕಡೆಗೆ ಕಳಿಸತೊಡಗಿತು. ಆ ವರ್ಷದ ಮೇ ತಿಂಗಳಲ್ಲಿ ಮಿಂತ್ರಾ ಇನ್ನೂ ಮುಂದೆ ಹೋಗಿ ಕಂಪ್ಯೂಟರಿನ ಸೈಟನ್ನೂ ನಿಲ್ಲಿಸಿತು. ಎರಡೂ ಹಿಂದೆ ಸರಿದವು: ನವೆಂಬರ್‌ನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ವೆಬ್ ಆ್ಯಪ್ ಬಂತು, 2016ರಲ್ಲಿ ಮಿಂತ್ರಾ ಸೈಟುಗಳು ಮತ್ತೆ ತೆರೆದುಕೊಂಡವು. ಫ್ಲಿಪ್‌ಕಾರ್ಟ್ ಲೈಟ್ ಬಗ್ಗೆ ಗೂಗಲ್ ಪ್ರಕಟಿಸಿದ ಅಂಕಿಗಳು ಇಂದಿಗೂ ಭಾಷಣಗಳಲ್ಲಿ ಕೇಳಿಬರುತ್ತವೆ: ಬಳಕೆದಾರರು ಸೈಟಿನಲ್ಲಿ ಕಳೆದ ಸಮಯ 70 ಸೆಕೆಂಡಿನಿಂದ ಮೂರೂವರೆ ನಿಮಿಷಕ್ಕೆ ಏರಿತು, ಹೋಮ್ ಸ್ಕ್ರೀನಿನಿಂದ ಬಂದವರಲ್ಲಿ ಖರೀದಿಯ ಪ್ರಮಾಣ ಶೇ. 70ರಷ್ಟು ಹೆಚ್ಚು.

ಇವು ಸುಳ್ಳಲ್ಲ, ಆದರೆ ನಾವು ಕೇಳುವ ಪ್ರಶ್ನೆಗೆ ಉತ್ತರವೂ ಅಲ್ಲ. ಮೊದಲನೆಯ ಹೋಲಿಕೆ ಹಳೆಯ ಮೊಬೈಲ್ ವೆಬ್ ಜೊತೆಗಿನದು, ನೇಟಿವ್ ಆ್ಯಪ್ ಜೊತೆಗಿನದಲ್ಲ. ಎರಡನೆಯದರಲ್ಲಿ ದೋಷ ಇನ್ನೂ ಸೂಕ್ಷ್ಮ: ಒಂದು ಅಂಗಡಿಯ ಐಕಾನನ್ನು ತಾನೇ ಹುಡುಕಿ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರು ಮೊದಲೇ ಕೊಳ್ಳುವ ಮನಸ್ಸುಳ್ಳವರು. ಐಕಾನ್ ಇದ್ದುದರಿಂದ ಕೊಂಡರೋ, ಕೊಳ್ಳುವವರಾದ್ದರಿಂದ ಐಕಾನ್ ಇಟ್ಟುಕೊಂಡರೋ ಎಂಬುದನ್ನು ಆ ಅಂಕಿ ಬೇರ್ಪಡಿಸುವುದಿಲ್ಲ. ಫ್ಲಿಪ್‌ಕಾರ್ಟ್ ತನ್ನ ನೇಟಿವ್ ಆ್ಯಪನ್ನು ಕೈಬಿಡಲಿಲ್ಲ ಎಂಬುದನ್ನೂ ಮರೆಯಬಾರದು. 2015ರ ಪ್ರಕರಣದಿಂದ ನಿಶ್ಚಯವಾಗಿ ತಿಳಿಯುವುದು ಇಷ್ಟೇ: ಬಾಗಿಲು ಮುಚ್ಚಿ 'ಆ್ಯಪ್ ಹಾಕಿಕೊಂಡು ಬನ್ನಿ' ಎಂದ ನಿಲುವನ್ನು ಎರಡು ದೊಡ್ಡ ಕಂಪನಿಗಳೂ ಹಿಂತೆಗೆದುಕೊಂಡವು.

ಹೆಚ್ಚು ಕಲಿಸುವುದು ಓಲಾ. 2017ರಲ್ಲಿ ಅದು ಪ್ರಯಾಣಿಕರಿಗಾಗಿ ತಂದ ವೆಬ್ ಆ್ಯಪ್‌ಗೆ ಬೇಕಾದ ಡೇಟಾ ಸುಮಾರು 200 ಕಿಲೋಬೈಟ್, ಆಂಡ್ರಾಯ್ಡ್ ಆ್ಯಪ್‌ಗಿಂತ 300 ಪಟ್ಟು ಕಡಿಮೆ ಎಂದು ಲೆಕ್ಕ ಕೊಟ್ಟರು. ಅದು ಇಳಿಸಿಕೊಳ್ಳುವ ಗಾತ್ರದ ಹೋಲಿಕೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾದ ಉಳಿತಾಯಕ್ಕೆ ಮೊದಲಿನ ಬೆಲೆ ಉಳಿದಿಲ್ಲ. ಆದರೆ ಫೋನಿನ ಒಳಜಾಗ ಮದುವೆಯ ವಿಡಿಯೋ, ಯಕ್ಷಗಾನದ ತುಣುಕು, ದೈವಸ್ಥಾನದ ಫೋಟೋಗಳಿಂದ ತುಂಬಿಯೇ ಇರುತ್ತದೆ. 'ಸ್ಟೋರೇಜ್ ಫುಲ್' ಎಂದು ಬಂದಾಗ ಮೊದಲು ಹೋಗುವುದು ಅಪರೂಪಕ್ಕೆ ಬಳಸುವ ಆ್ಯಪ್‌ಗಳೇ.

ಓಲಾದ ಉದಾಹರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಗಾತ್ರವಲ್ಲ, ಸೇವೆಗೆ ಇರುವ ಎರಡು ತುದಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಆಟೋ ಕರೆಯುವವರ ಫೋನಿಗೆ ಕೆಲಸ ಎರಡು ನಿಮಿಷದ್ದು. ತಾನಿರುವ ಜಾಗ ಹೇಳಬೇಕು, ಬರುವ ಗಾಡಿಯನ್ನು ನೋಡಬೇಕು. ಅಷ್ಟೂ ಹೊತ್ತು ಪರದೆ ಕಣ್ಣೆದುರೇ ತೆರೆದಿರುತ್ತದೆ, ಹಾಗಾಗಿ ಬ್ರೌಸರ್ ಸಾಕು. ಚಾಲಕರ ಫೋನಿನ ಸ್ಥಿತಿ ಬೇರೆ. ಅದು ಜೇಬಿನಲ್ಲಿರಲಿ, ಪರದೆ ಆರಿರಲಿ, ದಿನವಿಡೀ ಗಾಡಿಯ ಜಾಗವನ್ನು ತಿಳಿಸುತ್ತಿರಬೇಕು, ಬಾಡಿಗೆ ಬಂದ ಕೂಡಲೇ ಜೋರಾಗಿ ಹೊಡೆದುಕೊಳ್ಳಬೇಕು. ಪುಟ ಹಿಂದೆ ಸರಿದ ಮೇಲೂ ಜಾಗ ತಿಳಿಸುತ್ತಿರುವ ಅನುಮತಿ ವೆಬ್‌ಗೆ ಇಲ್ಲ. ಒಂದೇ ಸೇವೆಯ ಒಂದು ತುದಿಗೆ ವೆಬ್, ಇನ್ನೊಂದಕ್ಕೆ ನೇಟಿವ್.

ಸಮುದ್ರಕ್ಕೆ ಹೋದರೆ ಈ ಗೆರೆ ಇನ್ನೂ ಸ್ಪಷ್ಟವಾಗುತ್ತದೆ. ಮೀನುಗಾರಿಕೆಯ ದಕ್ಕೆಯಿಂದ ಹೊರಟ ಬೋಟಿಗೆ ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟುವಾಗ ಮೊಬೈಲ್ ಸಿಗ್ನಲ್ ಕೈಬಿಡುತ್ತದೆ. 2017ರ ಓಖಿ ಚಂಡಮಾರುತದಲ್ಲಿ ಕಡಲಲ್ಲಿದ್ದವರಿಗೆ ಎಚ್ಚರಿಕೆ ಮುಟ್ಟಿಸಲು ಸಾಧ್ಯವಾಗದ್ದು ಇಡೀ ಪಶ್ಚಿಮ ಕರಾವಳಿಯ ನೆನಪಿನಲ್ಲಿದೆ. ಅದಾದ ಮೇಲೆ ಸಾಗರದ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ 2019ರ ಅಕ್ಟೋಬರ್‌ನಲ್ಲಿ 'ಜೆಮಿನಿ' ಎಂಬ ಸಾಧನವನ್ನು ಹೊರತಂದವು. ಅದನ್ನು ತಯಾರಿಸಿದ್ದು ಬೆಂಗಳೂರಿನ ಕಂಪನಿ. ಗಗನ್ ಉಪಗ್ರಹ ವ್ಯವಸ್ಥೆಯಿಂದ ಬರುವ ಮುನ್ಸೂಚನೆಯನ್ನು ಬೋಟಿನಲ್ಲಿರುವ ಪುಟ್ಟ ಪೆಟ್ಟಿಗೆ ಹಿಡಿದು, ಬ್ಲೂಟೂತ್ ಮೂಲಕ ಫೋನಿನ ಆ್ಯಪ್‌ಗೆ ದಾಟಿಸುತ್ತದೆ. ಆ್ಯಪ್ ಅದನ್ನು ಬಿಡಿಸಿ ಪ್ರಾದೇಶಿಕ ಭಾಷೆಯಲ್ಲಿ ತೋರಿಸುತ್ತದೆ. ಇಲ್ಲಿ ವೆಬ್ಬನ್ನು ಆಯ್ದುಕೊಳ್ಳುವ ಮಾತೇ ಇಲ್ಲ. ಬ್ರೌಸರಿನಿಂದ ಬ್ಲೂಟೂತ್ ಮುಟ್ಟುವ ಸೌಲಭ್ಯ ಕ್ರೋಮ್‌ನಲ್ಲಿ ಇದ್ದರೂ ಐಫೋನಿನ ಸಫಾರಿಯಲ್ಲಿ ಇಲ್ಲ, ಇರುವಲ್ಲಿಯೂ ಪುಟ ತೆರೆದಿರಬೇಕು. ರಾತ್ರಿ ಬಲೆ ಎಳೆಯುವ ಹೊತ್ತಿನಲ್ಲಿ ಯಾರು ಪುಟ ತೆರೆದಿಟ್ಟುಕೊಂಡು ಕೂರುತ್ತಾರೆ? ಜೀವದ ಪ್ರಶ್ನೆ ಇರುವಲ್ಲಿ ನೇಟಿವ್ ಆ್ಯಪ್‌ನ ಖರ್ಚನ್ನು ಲೆಕ್ಕ ಹಾಕಬಾರದು.

ಯುಪಿಐ ಕೂಡ ಇದೇ ಸಾಲಿನದು. ಸಿಮ್‌ನಿಂದ ಎಸ್ಸೆಮ್ಮೆಸ್ ಕಳಿಸಿ ಫೋನನ್ನೂ ಖಾತೆಯನ್ನೂ ಕಟ್ಟಿಹಾಕುವುದು ಅದರ ಭದ್ರತೆಯ ಬುಡ, ಬ್ರೌಸರ್ ಅದನ್ನು ಮಾಡಲಾರದು.

ಇನ್ನೊಂದು ಕಡೆ, ವೆಬ್ಬಿಗೆ ತನ್ನದೇ ವಿಳಾಸ ಇರುವುದರ ಲಾಭವನ್ನು ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಮನೆಗೊಬ್ಬರು ಗಲ್ಫ್‌ನಲ್ಲಿರುವ ಊರು ಇದು. ದುಬೈಯ ಖಾತೆಯಿರುವ ಐಫೋನಿನಲ್ಲಿ ಭಾರತದ ಸ್ಟೋರಿಗೆ ಮಾತ್ರ ಬಿಟ್ಟ ಆ್ಯಪ್ ಕಾಣುವುದೇ ಇಲ್ಲ. ತೋಟ ನೋಡಿಕೊಳ್ಳುವ ಅಪ್ಪ ಇಲ್ಲಿಂದ ಲಿಂಕ್ ಕಳಿಸಿದರೆ ಅದು ಅಲ್ಲಿ ತೆರೆಯುತ್ತದೆ. ಹಾಗೆಂದು ಐಫೋನ್ ವೆಬ್ ಆ್ಯಪ್‌ಗೆ ಮನಸಾರೆ ಬಾಗಿಲು ತೆರೆದಿಲ್ಲ. ಸರ್ವಿಸ್ ವರ್ಕರ್ ಕ್ರೋಮ್‌ಗೆ ಬಂದದ್ದು 2015ರಲ್ಲಿ, ಐಫೋನಿಗೆ 2018ರಲ್ಲಿ. ವೆಬ್‌ನಿಂದ ನೋಟಿಫಿಕೇಶನ್ ಕಳಿಸಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಅದೂ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡಿದ್ದರೆ ಮಾತ್ರ. 2024ರ ಫೆಬ್ರುವರಿಯಲ್ಲಿ ಯುರೋಪಿನ ಒಕ್ಕೂಟದಲ್ಲಿ ಹೋಮ್ ಸ್ಕ್ರೀನಿನ ವೆಬ್ ಆ್ಯಪ್ ಸೌಲಭ್ಯವನ್ನೇ ತೆಗೆಯುವುದಾಗಿ ಹೇಳಿದ ಆ್ಯಪಲ್, ಮಾರ್ಚ್ 1ರಂದು ಮಾತು ಬದಲಿಸಿತು. ವೆಬ್ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ ಎನ್ನುವವರು ಆ ಎರಡು ವಾರಗಳನ್ನು ನೆನಪಿಟ್ಟುಕೊಳ್ಳಬೇಕು.

ಹೋಲಿಕೆಯ ಪಟ್ಟಿಗಳಲ್ಲಿ ಎಂದೂ ಬರದ, ಆದರೆ ಕನ್ನಡಿಗರಿಗೆ ತೀರ ಹತ್ತಿರದ ಒಂದು ವಿಷಯ ಲಿಪಿ. 2010ರ ಸುಮಾರಿಗೆ ಅಗ್ಗದ ಫೋನುಗಳಲ್ಲಿ ಕನ್ನಡ ಸೈಟು ತೆರೆದವರಿಗೆ ಆ ಖಾಲಿ ಚೌಕಗಳು ನೆನಪಿರಬಹುದು. ಆಗ ಒಬ್ಬರಿಂದೊಬ್ಬರಿಗೆ ಹಬ್ಬಿದ ಉಪಾಯ ಒಂದಿತ್ತು. ಒಪೆರಾ ಮಿನಿ ಬ್ರೌಸರಿನ ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಬರೆದು, ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸುವ ಆಯ್ಕೆಯನ್ನು 'ಯೆಸ್' ಮಾಡಿ ಉಳಿಸುವುದು. ಮತ್ತೆ ಪುಟ ತೆರೆದರೆ ಚೌಕಗಳ ಜಾಗದಲ್ಲಿ ಕನ್ನಡ. ಒತ್ತಕ್ಷರ ಜೋಡಿಸುವ ಕೆಲಸ ದೂರದ ಸರ್ವರಿನಲ್ಲಿ ನಡೆದು, ಫೋನಿಗೆ ಅಕ್ಷರಗಳ ಚಿತ್ರವೇ ಬರುತ್ತಿತ್ತು. ಆಂಡ್ರಾಯ್ಡ್ ತಾನಾಗಿ ಕನ್ನಡ ತೋರಿಸತೊಡಗಿದ್ದು 2012ರ 4.1ನೇ ಆವೃತ್ತಿಯಿಂದ. ಎಷ್ಟೋ ಜನರ ಕೈಯಲ್ಲಿ ಫೋನಿಗಿಂತ ಮೊದಲು ಬ್ರೌಸರ್ ಕನ್ನಡ ಕಲಿತಿತ್ತು.

ತುಳುವಿಗೆ ಆ ಕಾಲ ಈಗ ಬಂದಿದೆ. 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅಕ್ಷರ ಜೋಡಣೆಯ ಹೊಸ ನಿಯಮಗಳು ಹಳೆಯ ಫೋನಿನ ವ್ಯವಸ್ಥೆಗೆ ಬರುವುದು ಕಷ್ಟ, ಕೆಲವು ವರ್ಷದ ಹಿಂದಿನ ಮಾದರಿಗೆ ಅಪ್‌ಡೇಟ್ ನಿಂತಿರುವುದು ಸಾಮಾನ್ಯ. ಆಂಡ್ರಾಯ್ಡ್‌ನ ಕ್ರೋಮ್ ಮಾತ್ರ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಎಂಬ ಯಂತ್ರವನ್ನು ತನ್ನೊಳಗೇ ಇಟ್ಟುಕೊಂಡಿದೆ, ಪ್ಲೇ ಸ್ಟೋರಿನಿಂದ ಹೊಸದಾಗುತ್ತಲೂ ಇರುತ್ತದೆ. ಫಾಂಟನ್ನು ಪುಟವೇ ಹೊತ್ತು ತಂದರೆ ಆಯಿತು. ಐಫೋನಿನಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಸಫಾರಿಯೂ ವ್ಯವಸ್ಥೆಯ ಜೊತೆಗೇ ಬದಲಾಗಬೇಕು. ತುಳು ಲಿಪಿಯ ಪಾಠ ಅಥವಾ ಹಸ್ತಪ್ರತಿಯ ಪುಟ ಮಾಡಹೊರಟವರಿಗೆ ನನ್ನ ಸಲಹೆ, ವೆಬ್‌ನಿಂದಲೇ ತೊಡಗಿರಿ.

ಧಾರಣೆಯ ಪ್ರಶ್ನೆಗೆ ಮರಳುತ್ತೇನೆ. ದಿನಕ್ಕೊಮ್ಮೆ, ಅರ್ಧ ನಿಮಿಷ, ನಾಲ್ಕಾರು ಸಾಲು ಅಂಕಿ: ಇದಕ್ಕೆ ವೆಬ್ ಆ್ಯಪ್ ಸಾಲದು ಎನ್ನಲು ನನಗೆ ಕಾರಣ ಸಿಗಲಿಲ್ಲ. ಗೂಗಲ್‌ಗೆ ಒಂದು ಸಲ 25 ಡಾಲರ್, ಆ್ಯಪಲ್‌ಗೆ ವರ್ಷ ವರ್ಷ 99 ಡಾಲರ್, ಎರಡು ಕಡೆಗೆ ಎರಡು ತಂತ್ರಾಂಶ, ಇದ್ಯಾವುದೂ ಬೇಡ. 'ವೆಬ್ ಅಂದರೆ ನೆಟ್ ಇಲ್ಲದೆ ನಡೆಯುವುದಿಲ್ಲ' ಎಂಬ ಆಕ್ಷೇಪ ಸ್ನೇಹಿತರಿಂದಲೂ ಬಂತು. ಸಿಗ್ನಲ್ ಸರಿಯಾಗಿ ಸಿಗದ ಸಂಪಾಜೆ ಕಡೆಯ ತೋಟಗಳನ್ನು ನೋಡಿದವರ ಮಾತು, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅವರೆದುರೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮೊದಲೊಮ್ಮೆ ತೆರೆದಿದ್ದ ಸುದ್ದಿಯ ವೆಬ್ ಆ್ಯಪ್ ಒಂದನ್ನು ಮುಟ್ಟಿದೆ. ಅದು ತೆರೆಯಿತು. ಹೊಸ ಸುದ್ದಿ ಇಲ್ಲ, ಹಳೆಯದು ಇತ್ತು. ನೇಟಿವ್ ಸುದ್ದಿ ಆ್ಯಪ್ ಒಂದು ಅದೇ ಹೊತ್ತಿನಲ್ಲಿ ಬಿಳಿ ಪರದೆ ತೋರಿಸಿತು. ನೆಟ್ ಇಲ್ಲದಾಗ ಏನು ಉಳಿಯಬೇಕು ಎಂಬುದನ್ನು ತೀರ್ಮಾನಿಸುವವರು ಅದನ್ನು ಕಟ್ಟಿದವರು. ಐಫೋನಿನಲ್ಲಿ ಒಂದು ಎಚ್ಚರಿಕೆ: ಸಫಾರಿ ಬಳಸಿದ ಏಳು ದಿನಗಳಲ್ಲಿ ಒಮ್ಮೆಯೂ ಆ ಸೈಟನ್ನು ಮುಟ್ಟದಿದ್ದರೆ ತೆಗೆದಿಟ್ಟದ್ದು ಅಳಿಸಿಹೋಗುತ್ತದೆ, ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಈ ತೊಂದರೆ ಇಲ್ಲ.

ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಹಾಗೆ ತೆರೆದ ಆ ಹಳೆಯ ಸುದ್ದಿ. ನಿನ್ನೆಯ ಸುದ್ದಿಯಿಂದ ಯಾರಿಗೂ ನಷ್ಟವಿಲ್ಲ. ನಿನ್ನೆಯ ಧಾರಣೆ ಇವತ್ತಿನದರಂತೆ ಕಂಡರೆ ಬೆಳೆಗಾರ ಜೀಪಿಗೆ ಚೀಲ ಹೇರಿಬಿಡುತ್ತಾನೆ. ಕತ್ತರಿಸಿದ ವಾಟ್ಸಾಪ್ ಚಿತ್ರದ ದೋಷವೇ ಹೊಸ ವೇಷದಲ್ಲಿ ಬಂದಂತಾಯಿತು. ಹಾಗಾಗಿ ಸ್ನೇಹಿತರಿಗೆ ಬರೆದುಕೊಟ್ಟ ನಕ್ಷೆಯಲ್ಲಿ ಮೊದಲ ಸಾಲಿನಲ್ಲಿ ಅಡಿಕೆಯ ಹೆಸರಿಲ್ಲ, ತಾರೀಕು ಮತ್ತು ಗಂಟೆ ಇದೆ, ದರಕ್ಕಿಂತ ದೊಡ್ಡ ಅಕ್ಷರದಲ್ಲಿ. ನೆಟ್ ಇಲ್ಲದೆ ತೆರೆದಾಗ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿ, 'ಇದು ನಿನ್ನೆ ಸಂಜೆಯ ದರ' ಎಂದು ಕನ್ನಡದಲ್ಲಿ ಬರಬೇಕು.