ತಳಕಲ್ಲಿನ ಗಾಳಿ ಮತ್ತು ಸರಕಾರದ ಸಹಾಯಧನ

ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಿಂದ ಗದಗ–ವಾಡಿ ಮಾರ್ಗ ಕವಲೊಡೆಯುವ ತಳಕಲ್ಲಿನ ಸುತ್ತ ಮರಗಳು ವಿರಳವಾದ ಎರೆಹೊಲಗಳು ಹರಡಿಕೊಂಡಿದ್ದು, ಅಲ್ಲಿ ಬೀಸುವ ಗಾಳಿಗೆ ಅಡ್ಡ ನಿಲ್ಲುವಂಥದ್ದು ಹೆಚ್ಚಿಲ್ಲ. ಯಂತ್ರಗಳು ಬರುವ ಮೊದಲು ಕಣದಲ್ಲಿ ಜೋಳ, ಕಡಲೆ ತೂರುವಾಗ ಹೊಟ್ಟು ಬೇರ್ಪಡಿಸುತ್ತಿದ್ದುದು ಈ ಗಾಳಿಯೇ. ‘ಗಾಳಿ ಬಂದಾಗ ತೂರಿಕೊ’ ಎಂಬ ಗಾದೆ ಇಂಥ ಸೀಮೆಯವರಿಗೆ ನಿತ್ಯದ ಕೆಲಸದ ಮಾತಾಗಿತ್ತು. ಆ ಗಾಳಿಗೆ ಸರಕಾರದ ಹಣ ಸೇರಿಕೊಂಡ ಬಗೆ ಮಾತ್ರ ಇತ್ತೀಚಿನ ಇತಿಹಾಸ.

ಕರ್ನಾಟಕದಲ್ಲಿ ಗಾಳಿಯಂತ್ರದ ಪ್ರಯೋಗ ಆರಂಭವಾದದ್ದು ವಿದ್ಯುತ್ತಿಗಾಗಿ ಅಲ್ಲ, ನೀರಿಗಾಗಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1960ರ ದಶಕದಲ್ಲಿ ಬಾವಿಯಿಂದ ನೀರೆತ್ತುವ ಬಹುರೆಕ್ಕೆಯ ಗಾಳಿಯಂತ್ರವನ್ನು ರೂಪಿಸಿತು. ತೈಲದ ಬಿಕ್ಕಟ್ಟಿನ ನಂತರ, 1982ರಲ್ಲಿ, ಕೇಂದ್ರದಲ್ಲಿ ಅಸಾಂಪ್ರದಾಯಿಕ ಇಂಧನ ಇಲಾಖೆ ಸ್ಥಾಪನೆಯಾಗಿ, ನೀರೆತ್ತುವ ಗಾಳಿಯಂತ್ರಗಳ ಜೊತೆಗೆ ಮನೆ ಹಾಗೂ ಶಾಲೆಗೆ ಸಾಲುವಷ್ಟು ವಿದ್ಯುತ್ ಕೊಡುವ ಸಣ್ಣ ಗಾಳಿಯಂತ್ರಗಳಿಗೂ ಕ್ರಮೇಣ ಸಹಾಯಧನ ದೊರೆಯತೊಡಗಿತು. ಗಾಳಿಯಂತ್ರಕ್ಕೆ ಸೌರಫಲಕ ಹಾಗೂ ಬ್ಯಾಟರಿಯನ್ನು ಜೋಡಿಸಿದ ಸಂಯುಕ್ತ ವ್ಯವಸ್ಥೆಗೆ 2010ರ ಸುಮಾರಿನಲ್ಲಿ ಖಾಸಗಿಯವರಿಗೆ ಪ್ರತಿ ಕಿಲೋವ್ಯಾಟಿಗೆ 1 ಲಕ್ಷ ರೂಪಾಯಿ, ಸರಕಾರಿ ಮತ್ತು ಸೇವಾಸಂಸ್ಥೆಗಳಿಗೆ 1.5 ಲಕ್ಷ ರೂಪಾಯಿಯವರೆಗೆ ನೆರವಿತ್ತು.

ಮೊತ್ತ ಸಣ್ಣದಲ್ಲದಿದ್ದರೂ ಯೋಜನೆ ಹಳ್ಳಿಗಳಲ್ಲಿ ಬೇರೂರಲಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಎಂಟನೆಯ ಒಂದು ಪಾಲಷ್ಟೇ ಉಳಿಯುತ್ತದೆ. ಆದ್ದರಿಂದ ಮನೆ, ಮರಗಳ ಮರೆಯಲ್ಲಿ ಗಿಡ್ಡ ಕಂಬದ ಮೇಲೆ ತಿರುಗುವ ಯಂತ್ರವು ನೂರು ಮೀಟರಿನ ಆಸುಪಾಸಿನ ಎತ್ತರದಲ್ಲಿ ತಿರುಗುವ ದೊಡ್ಡ ಯಂತ್ರಕ್ಕೆ ಸರಿಸಾಟಿಯಾಗಲಾರದು. ಇದು ಪ್ರಕೃತಿ ನಿಯಮ. ಆದರೆ ಇದಕ್ಕಿಂತ ಗಾಢವಾದ ಕಾರಣ ತೆರಿಗೆಯ ಕಾನೂನಿನಲ್ಲಿತ್ತು.

ದೊಡ್ಡ ಗಾಳಿಯಂತ್ರಗಳಿಗೆ ದೊರೆತ ಮುಖ್ಯ ಪ್ರೋತ್ಸಾಹ ವೇಗವರ್ಧಿತ ಸವಕಳಿ, ಅಂದರೆ ಯಂತ್ರದ ಬೆಲೆಯ ಬಹುಭಾಗವನ್ನು ಹೂಡಿಕೆಯ ಆರಂಭದ ವರ್ಷದಲ್ಲೇ ಲಾಭದಿಂದ ಕಳೆದು ತೆರಿಗೆ ಉಳಿಸಿಕೊಳ್ಳುವ ಅವಕಾಶ. ಇದು 1990ರ ದಶಕದಲ್ಲಿ ಶೇ 100ರಷ್ಟಿದ್ದು, ಬಳಿಕ ಶೇ 80ಕ್ಕೆ ಇಳಿಯಿತು. 2009ರಿಂದ ಈ ಸೌಲಭ್ಯ ಪಡೆಯದವರಿಗೆ, ಉತ್ಪಾದಿಸಿದ ಪ್ರತಿ ಯೂನಿಟ್‌ಗೆ 50 ಪೈಸೆಯ ಪ್ರೋತ್ಸಾಹಧನ ಬಂತು. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ ದೇಶದಲ್ಲಿ, ಕಟ್ಟಬೇಕಾದ ತೆರಿಗೆಯೇ ಇಲ್ಲದ ರೈತನಿಗೆ ಸವಕಳಿಯ ಸೌಲಭ್ಯದಿಂದ ಏನೂ ದಕ್ಕುವುದಿಲ್ಲ. ಅದು ದಕ್ಕಿದ್ದು ದೂರದ ನಗರಗಳ ಲಾಭದಾಯಕ ಕಂಪನಿಗಳಿಗೆ. ಯಲಬುರ್ಗಾ, ಕುಕನೂರು, ಕುಷ್ಟಗಿ ಸೀಮೆಯ ಹೊಲಗಳಲ್ಲಿ ಜನರು ‘ಫ್ಯಾನು’ ಎಂದೇ ಕರೆಯುವ ಬೃಹತ್ ಯಂತ್ರಗಳು ಎದ್ದು ನಿಂತಾಗ, ರೈತನ ಪಾಲಿಗೆ ಉಳಿದದ್ದು ಹೆಚ್ಚೆಂದರೆ ಜಮೀನಿನ ಬೆಲೆ ಅಥವಾ ಬಾಡಿಗೆ. ಗಾಳಿ ಯಾರ ಹೊಲದ ಮೇಲೆ ಬೀಸುತ್ತದೋ ಅವರನ್ನು ಒಡೆಯರನ್ನಾಗಿ ಮಾಡುವ ಯೋಚನೆ ಆ ನೀತಿಯಲ್ಲಿ ಇರಲೇ ಇಲ್ಲ, ಮತ್ತು ಈ ಕೊರತೆ ಸಣ್ಣದೆಂದು ಹೇಳಲಾಗದು.

ಇನ್ನೊಂದು ದಿಕ್ಕಿನಿಂದ ರಾಜ್ಯದ ಉಚಿತ ವಿದ್ಯುತ್ ನೀತಿಯೂ ಮನೆಯ ಗಾಳಿಯಂತ್ರದ ಅಗತ್ಯವನ್ನು ಕುಗ್ಗಿಸಿತು. 2008ರಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೂ, 2023ರಲ್ಲಿ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್‌ವರೆಗಿನ ಮನೆಬಳಕೆಗೂ ಬಿಲ್ಲಿನ ಭಾರ ತಪ್ಪಿದ ಮೇಲೆ, ಲಕ್ಷಗಟ್ಟಲೆ ಹಣ ಹಾಕಿ ಕಂಬ ನೆಡುವ ಲೆಕ್ಕ ಯಾರಿಗೂ ಕೂಡಿಬರಲಿಲ್ಲ.

ಅಷ್ಟರೊಳಗೆ ಸಣ್ಣ ಗಾಳಿಯಂತ್ರಗಳ ಕೇಂದ್ರ ಯೋಜನೆಯೂ 2017ರ ಮಾರ್ಚ್‌ಗೆ ಮುಗಿದಿತ್ತು. ಅದೇ ಹೊತ್ತಿಗೆ ಯೂನಿಟ್‌ವಾರು ಪ್ರೋತ್ಸಾಹಧನ ನಿಂತು, ಸವಕಳಿಯ ಪ್ರಮಾಣ ಶೇ 40ಕ್ಕೆ ಇಳಿದು, ದೊಡ್ಡ ಯಂತ್ರಗಳು ಹರಾಜಿನ ದರಕ್ಕೆ ಒಗ್ಗಿಕೊಂಡವು. ಸಣ್ಣವುಗಳಿಗೆ ಬದಲಿ ದಾರಿ ತೆರೆಯಲಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಮನೆಯ ಮಾಳಿಗೆಗೆ 78,000 ರೂಪಾಯಿವರೆಗೆ ಕೊಡುತ್ತದಾದರೂ ಅದು ಬಿಸಿಲಿಗೆ ಮಾತ್ರ ಮೀಸಲು. ಮುಂಗಾರಿನ ಮೋಡ ಕವಿದು ಫಲಕಗಳ ಉತ್ಪಾದನೆ ಇಳಿಯುವ ತಿಂಗಳುಗಳೇ ತಳಕಲ್ಲಿನ ಎರೆಹೊಲಗಳ ಮೇಲೆ ಗಾಳಿ ಜೋರಾಗಿ ಬೀಸುವ ತಿಂಗಳುಗಳು. ಬಿಸಿಲು ಮತ್ತು ಗಾಳಿಯನ್ನು ಒಂದೇ ಮನೆಗೆ ಜೋಡಿಸುವ ಹಳೆಯ ಸಂಯುಕ್ತ ಯೋಜನೆಯ ಹಿಂದಿದ್ದ ತಿಳಿವಳಿಕೆ ಇದೇ ಆಗಿತ್ತು.