ತೇಜಸ್ವಿಯವರ ಕಥನದಲ್ಲಿ ಭಯ ಮತ್ತು ವಿಜ್ಞಾನ

ಕನ್ನಡ ಸಾಹಿತ್ಯ ಚರಿತ್ರೆಗಳು ಪತ್ತೇದಾರಿ, ಭಯಾನಕ ಹಾಗೂ ವೈಜ್ಞಾನಿಕ ಕಥನಗಳನ್ನು ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಬದಿಗಿರಿಸಿದ್ದೇ ಹೆಚ್ಚು. ಈ ವಿಂಗಡಣೆ ಎಷ್ಟು ದುರ್ಬಲವೆಂಬುದನ್ನು ಶಿವಮೊಗ್ಗ ಜಿಲ್ಲೆಯವರಾದ ಪೂರ್ಣಚಂದ್ರ ತೇಜಸ್ವಿಯವರ (1938–2007) ಬರೆಹ ತೋರಿಸಿಕೊಡುತ್ತದೆ.

ಕುವೆಂಪು ಅವರ ಪುತ್ರರಾದ ತೇಜಸ್ವಿ ಮೈಸೂರಿನಲ್ಲಿ ವ್ಯಾಸಂಗ ಮುಗಿಸಿ, ಅಧ್ಯಾಪಕ ವೃತ್ತಿಯ ಬದಲು ಮೂಡಿಗೆರೆಯ ಕೃಷಿ ಬದುಕನ್ನು ಆರಿಸಿಕೊಂಡರು. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಜೇನು ಹಿಡಿಯುವ ಮಂದಣ್ಣ. ಊರು ಕಡೆಗಣಿಸಿದ ಈತನಲ್ಲಿ ಕರ್ವಾಲೊ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಗುರುತಿಸುತ್ತಾರೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ.

1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ವಿಜ್ಞಾನಿ ಜೋಗಿಹಾಳರ ಸಾವಿನ ನಿಗೂಢತೆಯಿದೆ, ಏಲಕ್ಕಿ ಬೆಳೆಯ ಅವನತಿಯಿದೆ. ಆದರೆ ಇಲ್ಲಿ ಭಯ ಹುಟ್ಟಿಸುವುದು ದೆವ್ವವಲ್ಲ. ಕೆಸರೂರಿನ ಒಳಗೇ ಕುದಿಯುವ ದ್ವೇಷ ಮತ್ತು ವದಂತಿ. ಕೆನೆತ್ ಆಂಡರ್ಸನ್ನರ ನರಭಕ್ಷಕ ಕಥೆಗಳನ್ನು ಅವರು ಕನ್ನಡಕ್ಕೆ ತಂದುದೂ ಇದೇ ಆಸಕ್ತಿಯ ಮುಂದುವರಿಕೆ.

ಜಾನಪದ ಅಧ್ಯಯನಕ್ಕೆ ಇಲ್ಲೊಂದು ಪಾಠವಿದೆ. ಹಳ್ಳಿಗರು ಕಂಡೆವೆಂದು ಹೇಳುವ ಅಚ್ಚರಿಗಳನ್ನು ನಾವು ‘ನಂಬಿಕೆ’ ಎಂಬ ಶೀರ್ಷಿಕೆಯಡಿ ದಾಖಲಿಸಿ ಸುಮ್ಮನಾಗುತ್ತೇವೆ. ಆ ಮಾತಿನೊಳಗಿನ ವೀಕ್ಷಣೆಯನ್ನು ಪರಿಶೀಲಿಸುವುದಿಲ್ಲ. ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಂತಹ ಊರುಗಳು ಕೈಗಾರಿಕಾ ಪ್ರದೇಶಗಳಾಗಿ ಮಾರ್ಪಟ್ಟಿರುವ ಈ ಕಾಲದಲ್ಲಿ, ಮಂದಣ್ಣನಂಥವರ ಮಾತನ್ನು ಕೇಳಿಸಿಕೊಳ್ಳದಿದ್ದರೆ ಕಾಡಿನೊಂದಿಗೆ ಕಾಡಿನ ಅರಿವೂ ಅಳಿಯುತ್ತದೆ.