ಕೊಟ್ಟಿಗೇಲಿ ನಿಂತಿರೋ ಅಂಬಾಸಿಡರ್

ಮೂರು ದಿನದಿಂದ ಜಡಿಮಳೆ, ಕಡ್ಲೇಕಾಯಿ ಹೊಲಕ್ಕೆ ಕಾಲಿಡೋ ಹಂಗಿಲ್ಲ. ಅದಕ್ಕೆ ಇವತ್ತು ಬೆಳೆ ವಿಚಾರ ಬಿಟ್ಟು ಬೇರೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗಬಹುದು.

ಹೋದ ವಾರ ಗುಜರಿಯವನು ಬಂದಿದ್ದ. ಕೊಟ್ಟಿಗೆ ಮೂಲೇಲಿ ಹುಲ್ಲಿನ ಹಿಂದೆ ನಿಂತಿರೋ ನಮ್ಮಪ್ಪನ ಅಂಬಾಸಿಡರ್ ನೋಡಿ 24,000 ಕೊಡ್ತೀನಿ ಅಂದ. ನಮ್ಮ ತಮ್ಮ, "ಕೊಟ್ಟುಬಿಡಣ್ಣ, ಬೋರಿನ ಮೋಟ್ರು ರಿಪೇರಿಗಾದ್ರೂ ಆಗುತ್ತೆ" ಅಂದ. ಅವನು ಹೇಳಿದ್ದು ತಪ್ಪೇನಲ್ಲ, ಮೋಟ್ರು ಸುಟ್ಟು ಹದಿನೈದು ದಿನ ಆಗಿದೆ. ನಾನು ಎರಡು ದಿನ ಟೈಮ್ ಕೇಳಿದೆ. ಆ ಎರಡು ದಿನದಲ್ಲಿ ತಲೇಲಿ ಓಡಿದ್ದೇ ಈ ಬರಹ.

ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆ ಕಾರು ಅಂದ್ರೆ ಶೋಕಿ ಆಗಿರಲಿಲ್ಲ. ನಮಗೆ ರೈಲು ಅನ್ನೋದೇ ಇರಲಿಲ್ಲ. ರಾಯದುರ್ಗ–ತುಮಕೂರು ರೈಲಿನ ಕೆಲಸ ವರ್ಷಗಟ್ಟಲೆಯಿಂದ ನಡೀತಾನೇ ಇರೋದು ನಿಮಗೂ ಗೊತ್ತು. ಪಾವಗಡದೋರಿಗಂತೂ ತುಮಕೂರು ಸುಮಾರು 100 ಕಿಲೋಮೀಟರ್, ಸುತ್ತ ಆಂಧ್ರ. ದಿನಕ್ಕೆ ಬರೋ ಒಂದೆರಡು ಬಸ್ಸು ತಪ್ಪಿದ್ರೆ ಎತ್ತಿನ ಗಾಡಿ, ಇಲ್ಲಾ ನಡಿಗೆ. ಅಂಥಾ ಕಡೆ ಊರಿಗೊಂದು, ಇಲ್ಲಾ ನಾಲ್ಕೂರಿಗೊಂದು ಕಾರು ಇದ್ರೆ ಅದು ಓನರಿನದು ಅಂತ ಹೆಸರಿಗಷ್ಟೆ. ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ, ಮದುವೆ ದಿಬ್ಬಣಕ್ಕೆ, ಕೋರ್ಟು ವಾಯಿದೆಗೆ ಎಲ್ಲಾ ಅದೇ.

ಮೊದಲು ನಮ್ಮ ಕಡೆ ಬಂದಿದ್ದು ಸರ್ಕಾರಿ ಜೀಪುಗಳು. ಮಹೀಂದ್ರಾ ಕಂಪನಿ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಅಮೆರಿಕದ ವಿಲ್ಲೀಸ್ ಜೀಪಿನ ಭಾಗ ತರಿಸಿ ಇಲ್ಲಿ ಜೋಡಿಸೋಕೆ ಶುರು ಮಾಡಿತ್ತು. 1975ರಿಂದ 77ರ ತುರ್ತು ಪರಿಸ್ಥಿತೀಲಿ ಜೀಪಿನ ಸದ್ದು ಕೇಳಿದ್ರೆ ಗಂಡಸರು ಜೋಳದ ಹೊಲಕ್ಕೆ ಓಡಿ ಅವಿತುಕೊಳ್ತಿದ್ರು, ಆಪರೇಷನ್‌ಗೆ ಹಿಡ್ಕೊಂಡೋಗ್ತಾರೆ ಅಂತ. ನಾನಾಗ ಚಿಕ್ಕವನು, ನನಗೆ ನಗು. ನಮ್ಮ ಚಿಕ್ಕಪ್ಪನಿಗೆ ನಗು ಬರ್ತಿರಲಿಲ್ಲ.

ಅಂಬಾಸಿಡರ್ ಕಥೆ ಬೇರೆ. ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿ ಶುರುವಾಗಿದ್ದು ಗುಜರಾತಿನ ಓಖಾ ಬಂದರಲ್ಲಿ. ಆಮೇಲೆ ಬಂಗಾಳದ ಉತ್ತರಪಾರಾಕ್ಕೆ ಹೋಯ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಕಾರಿನ ಅಚ್ಚು ತಂದು 1957ರಲ್ಲಿ ಅಂಬಾಸಿಡರ್ ಹೊರಗೆ ಬಿಟ್ರು. ಇಂಗ್ಲೆಂಡಿನವರು ಆ ಮಾಡೆಲ್ ಮರೆತರೂ ನಮ್ಮಲ್ಲಿ ಅದು 2014ರ ಮೇ ತಿಂಗಳವರೆಗೆ ತಯಾರಾಯ್ತು, 57 ವರ್ಷ! ಆಗಿನ ಕಾಲಕ್ಕೆ ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಸರ್ಕಾರದ ಲೈಸೆನ್ಸು ಬೇಕಿತ್ತು. ಅಂಬಾಸಿಡರ್ ಬಿಟ್ರೆ ಬೊಂಬಾಯಿನ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್, ಅಷ್ಟೇ ಹೆಚ್ಚುಕಮ್ಮಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಂಗಾಗಿ ಯಾವ ಕಾರನ್ನೂ ಯಾರೂ ಎಸೀತಿರಲಿಲ್ಲ. ಎಂಜಿನ್ ಹೋದ್ರೆ ಬೋರ್ ಮಾಡಿಸೋರು, ತಳ ತುಕ್ಕು ಹಿಡಿದ್ರೆ ತಗಡು ಬೆಸೆಯೋರು. ಬೆಂಗಳೂರಲ್ಲಿ ಹಳೇದಾಗಿದ್ದು ತುಮಕೂರಿಗೆ ಬರೋದು, ತುಮಕೂರಲ್ಲಿ ಹಳೇದಾಗಿದ್ದು ನಮ್ಮ ಕಡೆಗೆ.

ನಮ್ಮಪ್ಪ ತಂದಿದ್ದೂ ಹಂಗೇ, 1985ರಲ್ಲಿ. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ಹಿಂದಿನ ವರ್ಷ ಕಡ್ಲೇಕಾಯಿ ಚೆನ್ನಾಗಿ ಕೈಹಿಡಿದಿತ್ತು. ಕಾರು 1976ರ ಮಾರ್ಕ್ 3, ಬಿಳೀದು. ಗೇರು ಸ್ಟೇರಿಂಗ್ ಪಕ್ಕದಲ್ಲೇ ಇರೋದ್ರಿಂದ ಮುಂದೆ ಒಂದೇ ಉದ್ದ ಸೀಟು, ಮೂರು ಜನ ಆರಾಮಾಗಿ, ನಾಲ್ಕು ಜನ ಒತ್ತಿಕೊಂಡು. ಡಿಪ್ ಲೈಟಿನ ಸ್ವಿಚ್ಚು ಎಡಗಾಲಿನ ಹತ್ರ. ಬ್ಯಾಟ್ರಿ ಇಳಿದ್ರೆ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸೋದು. ಹಿಂದೆ ಗಾಡಿ ಪಟ್ಟಿ, ಅದಕ್ಕೇ ಡಿಕ್ಕೀಲಿ ಬಿತ್ತನೆ ಮೂಟೆ ಹೇರಿದ್ರೂ ನರಳ್ತಿರಲಿಲ್ಲ. ನಾವೇ ಒಂದು ಸಲ ದಂಡಿನ ಮಾರಮ್ಮನ ಜಾತ್ರೆಗೆ ಹದಿಮೂರು ಜನ ಹೋಗಿದ್ವಿ, ಕೈಕೂಸು ಲೆಕ್ಕಕ್ಕಿಲ್ಲ. 1988ರಲ್ಲಿ ರಾತ್ರಿ ಒಂದು ಹೆರಿಗೆ ಕೇಸು ಮಧುಗಿರಿಗೆ ಕರ್ಕೊಂಡು ಹೊರಟ್ವಿ. ಮಿಡಿಗೇಶಿ ದಾಟೋದ್ರೊಳಗೆ ಹಿಂದಿನ ಸೀಟಲ್ಲೇ ಗಂಡುಮಗು ಹುಟ್ತು. ಆ ಹುಡುಗ ಈಗ ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತಾನೆ.

ಪೆಟ್ರೋಲ್ ರೇಟು ತಡೆಯೋಕಾಗದೆ 1991ರಲ್ಲಿ ಅಪ್ಪ ಹಳೇ ಮ್ಯಾಟಡೋರಿನ ಡೀಸೆಲ್ ಎಂಜಿನ್ ಕೂರಿಸಿದ್ರು. ನಮ್ಮ ಕಡೆ ತುಂಬಾ ಜನ ಮಾಡಿದ್ದೇ ಅದು. ಆ ಎಂಜಿನ್ನಿಂದಲೇ ನಮ್ಮಿಬ್ಬರು ಅಕ್ಕಂದಿರ ಮದುವೆ ಆಯ್ತು ಅಂದ್ರೂ ಸರಿ. ಆದ್ರೆ ಈಗ ಅದೇ ಎಂಜಿನ್ನು ಅಡ್ಡ ಬಂದಿದೆ, ಹೇಳ್ತೀನಿ ಕೇಳಿ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೇ ಗಾಡಿಗಳಿಗೆ ಅಂತ ಒಂದು ನಿಯಮ ತಂತು. 50 ವರ್ಷ ದಾಟಿದ ಕಾರು, ಬೈಕುಗಳನ್ನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು. ನಂಬರ್ ಪ್ಲೇಟಲ್ಲಿ 'ವಿಎ' ಅಂತ ಬರುತ್ತೆ. ಫೀಸು 20,000, ಹತ್ತು ವರ್ಷ ನಡೆಯುತ್ತೆ. ದಿನಾ ಓಡಿಸೋ ಹಂಗಿಲ್ಲ, ಬಾಡಿಗೆಗಂತೂ ಇಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ನಮ್ಮ ಕಾರಿಗೆ ಈ 2026ಕ್ಕೆ 50 ತುಂಬುತ್ತೆ ಅಂತ ಖುಷಿಯಾದೆ. ಆದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂದ್ರೆ ಶೆಡ್ಡಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರಿಗೆ ಮರ್ಯಾದೆ, ದುಡಿದ ಕಾರಿಗಿಲ್ಲ. ಮಾಮೂಲಿ ರಿನ್ಯೂವಲ್ ಮಾಡಿಸೋಣ ಅಂದ್ರೆ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಲ್ಲೇ 5,000 ಆಗಿತ್ತು. ತಡವಾಗಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ಬೇರೆ ದಂಡ. ನಮ್ಮದು ಮುಗಿದು ಎಷ್ಟೋ ವರ್ಷ ಆಯ್ತು.

ಹಿಂಗಾಗಿ ನಮ್ಮ ನಾಲ್ಕೂ ತಾಲ್ಲೂಕಲ್ಲಿ ಅಂಬಾಸಿಡರ್ ಕಾಣೋದೇ ಅಪರೂಪ ಆಗಿದೆ. 1994ರಲ್ಲಿ ಟಾಟಾ ಸುಮೋ ಬಂದ ಮೇಲೆ ಬಾಡಿಗೆ ಹೋಯ್ತು. ಆಮೇಲೆ ಮೆಕ್ಯಾನಿಕ್ಕುಗಳು ಹೋದ್ರು. ಈಗ ಸಾಮಾನೂ ಸಿಗಲ್ಲ. ಅಂಬಾಸಿಡರ್ ಅನ್ನೋ ಬರೀ ಹೆಸರನ್ನ ಫ್ರಾನ್ಸಿನ ಪೂಜೊ ಕಂಪನಿಗೆ 2017ರಲ್ಲಿ 80 ಕೋಟಿಗೆ ಮಾರಿದ್ರಂತೆ. ಹೆಸರಿಗೆ 80 ಕೋಟಿ, ಕಾರಿಗೆ 24,000.

ಹಳೇ ಕಾರು ನೋಡೋ ಆಸೆ ಇದ್ರೆ ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ಮ್ಯೂಸಿಯಂ ಬಿಡಬೇಡಿ. ಶ್ರೀರಂಗಪಟ್ಟಣದ ಹತ್ರ ಮೈಸೂರು ರಸ್ತೇಲಿ 'ಪಯಣ' ಅಂತ ಕಾರುಗಳದ್ದೇ ಮ್ಯೂಸಿಯಂ ಇದೆ. ಎರಡೂ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಕೆಲಸ. ಚೆನ್ನಾಗಿವೆ, ಥಳಥಳ ಅಂತಾವೆ. ಆದ್ರೆ ಮುಟ್ಟೋ ಹಂಗಿಲ್ಲ, ಸದ್ದು ಕೇಳೋ ಹಂಗಿಲ್ಲ. ಕಾರಿನ ಸುಖ ಇರೋದು ಅದು ಗಡಗಡ ಅಂತ ಎದ್ದಾಗ.

ನಿಮ್ಮ ಹಟ್ಟೀಲಿ ಒಂದು ನಿಂತಿದ್ರೆ ನಾನು ಪೆಟ್ಟು ತಿಂದು ಕಲಿತಿದ್ದು ಹೇಳ್ತೀನಿ. ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ, ಟೈರು ನೆಲ ಕಚ್ಚಲ್ಲ. ರೇಡಿಯೇಟರಿಗೆ ಬೋರಿನ ನೀರು ಹಾಕಲೇಬೇಡಿ. ನಮ್ಮ ಗಡಸು ನೀರಿಗೆ ಪಾತ್ರೆ ತಳದಲ್ಲಿ ಬಿಳೀ ಗಾರೆ ಕಟ್ಟುತ್ತಲ್ಲ, ಒಳಗೂ ಅದೇ ಕಟ್ಟುತ್ತೆ. ಮಳೆ ನೀರು ಹಿಡಿದು ಹಾಕಿ. ಹುಲ್ಲಿನ ಬಣವೆ ಹತ್ರ ಇಟ್ರೆ ಇಲಿ ವೈರು ಕಡಿಯುತ್ತೆ, ನಮ್ಮದಕ್ಕೆ ಆಗಿದ್ದೇ ಅದು. ಹದಿನೈದು ದಿನಕ್ಕೊಂದು ಸಲ ಸ್ಟಾರ್ಟ್ ಮಾಡಿ. ಮುಂದಿನ ಚಕ್ರದ ಕಿಂಗ್‌ಪಿನ್ನಿಗೆ ಗ್ರೀಸ್ ತೋರಿಸಿ. ರೋಡಿಗೆ ಇಳಿಸೋಕಾಗದಿದ್ರೆ ನಿಮ್ಮ ಹೊಲದ ದಾರೀಲೇ ಓಡಿಸಿ, ಮೊಮ್ಮಕ್ಕಳನ್ನ ಕೂರಿಸಿಕೊಳ್ಳಿ.

ನಾವು ಮೊನ್ನೆ ಹಂಗೇ ಮಾಡಿದ್ವಿ. ಹಳೇ ಡೀಸೆಲ್ ಪೂರ್ತಿ ಇಳಿಸಿ, ಟ್ರ್ಯಾಕ್ಟರಿನ ಬ್ಯಾಟ್ರಿ ತಂದು ಕಟ್ಟಿ, ನಾನೂ ತಮ್ಮನೂ ಮಧ್ಯಾಹ್ನದವರೆಗೆ ಏಗಿದ್ವಿ. ನಾಲ್ಕನೇ ಸಲಕ್ಕೆ ಕೆಮ್ಮಿ ಎದ್ದುಬಿಡ್ತು. ಕೊಟ್ಟಿಗೆ ತುಂಬಾ ಹೊಗೆ, ಎಮ್ಮೆ ಕಣ್ಣಿ ಕಿತ್ಕೊಂಡು ಓಡ್ತು. ಅಮ್ಮ ಒಳಗಿಂದ ಬಂದವಳು ಏನೂ ಕೇಳಲಿಲ್ಲ, ಸೆರಗಲ್ಲಿ ಧೂಳು ಒರೆಸಿ ಮುಂದಿನ ಸೀಟಲ್ಲಿ ಕೂತ್ಲು. ಬಾವಿವರೆಗೂ ಹೋಗಿ ಬಂದ್ವಿ.

ಎರಡು ಟಗರು ಮಾರಿ ಮೋಟ್ರು ರಿಪೇರಿಗೆ ಕೊಟ್ಟಿದ್ದೀನಿ. ತಮ್ಮ ಈ ವರ್ಷಕ್ಕೆ ಒಪ್ಪಿದ್ದಾನೆ, ಮುಂದಿನ ವರ್ಷದ ಮಾತು ಕೊಟ್ಟಿಲ್ಲ. ಕಾರಿಗೆ ಹಿಂದಿನ ಬಲಗಡೆ ಬಾಗಿಲ ಹ್ಯಾಂಡಲ್ಲು, ಎರಡು ರಬ್ಬರ್ ಬೀಡಿಂಗು ಬೇಕು. ಶಿರಾ, ವೈ.ಎನ್. ಹೊಸಕೋಟೆ ಕಡೆ ಯಾರ ಹಳೇ ಶೆಡ್ಡಲ್ಲಾದ್ರೂ ಬಿದ್ದಿದ್ರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ.